ಜೆಬೆಲ್ ಅಲಿಯಲ್ಲಿ ಆಣೆಗೆ ನಿಂತವರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಇಡೀ ರಾದ್ಧಾಂತಕ್ಕೆ ಕಾರಣ ನಾನು. ದುಬೈಯ ಜೆಬೆಲ್ ಅಲಿ ಬಂದರಿನ ಒಂದು ಗೋದಾಮಿನ ಗೋಡೆ ಫೋನಿಗೆ ಕರೆ ಮಾಡಿ, ನಮ್ಮ ಇಂಗ್ಲಿಷ್ ಮ್ಯಾನೇಜರನ ಸ್ವರದಲ್ಲಿ ಅರ್ಧ ನಿಮಿಷ ಮಾತಾಡಿದೆ. ಆ ಅರ್ಧ ನಿಮಿಷಕ್ಕೆ ಒಂದು ಲಾರಿ ಚಾಕೊಲೇಟು ಕರಗಿತು. ಹನ್ನೊಂದು ವರ್ಷ ಒಂದೇ ಕಂಪನಿಯಲ್ಲಿ ದುಡಿದ ಒಬ್ಬ ಮನುಷ್ಯನ ವೀಸಾವೂ ಅದರ ಜೊತೆ ಕರಗುವುದರಲ್ಲಿತ್ತು. ಊರಿನವರು ಓದುತ್ತೀರಿ ಎಂದು ಇದನ್ನು ಸ್ವಲ್ಪ ಸಣ್ಣದು ಮಾಡಿ ಬರೆಯುವ ಆಸೆ ನನಗೂ ಇತ್ತು. ಆದರೆ ಅಮ್ಮನೂ ಓದುತ್ತಾಳೆ. ನಾನು ಸಣ್ಣದು ಮಾಡುವ ಕ್ರಮ ಅವಳಿಗೆ ಚೆನ್ನಾಗಿ ಗೊತ್ತು.

ಆ ಸ್ವರ ನನಗೆ ಸಿಕ್ಕಿದ್ದು ಹೇಗೆ ಎಂದು ಹೇಳಬೇಕಾದರೆ ಒಂದು ವರ್ಷ ಹಿಂದೆ ಹೋಗಬೇಕು. ಅದು ನಾನು ದುಬೈಗೆ ಬಂದ ಎರಡನೇ ಶುಕ್ರವಾರ. ಹೊರಗೆ ನಲವತ್ತಮೂರು ಡಿಗ್ರಿ. ಒಳಗೆ ಏಸಿ ಹಾಕಿದ ಒಂದು ಬಾಡಿಗೆ ಹಾಲಿನಲ್ಲಿ, ಅರುವತ್ತರ ಹತ್ತಿರದ ಬಿಳಿಯರೊಬ್ಬರು ಉಣ್ಣೆ ಕಂಬಳಿಯಂಥದ್ದನ್ನು ಹೆಗಲಿಗೆ ಹೊದ್ದು, ಅದಕ್ಕೊಂದು ಹಿತ್ತಾಳೆಯ ದೊಡ್ಡ ಪಿನ್ನು ಚುಚ್ಚಿಕೊಂಡು, ಮೇಜು ಕುಟ್ಟುತ್ತ ಇಂಗ್ಲಿಷ್ ಮಾತಾಡುತ್ತಿದ್ದರು. ಅದು ಇಂಗ್ಲಿಷೇ ಎಂದು ಅವರೇ ಹೇಳಿದ್ದರಿಂದ ನಂಬಬೇಕಾಯಿತು. ನನಗೆ ಒಂದು ಶಬ್ದವೂ ಹತ್ತಲಿಲ್ಲ. ಪಕ್ಕದಲ್ಲಿ ಕೂತಿದ್ದ, ಹುಟ್ಟಾ ಇಂಗ್ಲೆಂಡಿನವಳಾದ ಹೆಂಗಸಿಗೂ ಹತ್ತಲಿಲ್ಲ. ಇಂಗ್ಲಿಷ್ ಬಾರದ ಇಂಗ್ಲಿಷರನ್ನು ಕಂಡು ನನಗೆ ಆ ದಿನ ಆದ ಸಂತೋಷ ವೀಸಾ ಬಂದ ದಿನವೂ ಆಗಿರಲಿಲ್ಲ.

ಕಂಬಳಿ ಹೊದ್ದವರು ಆಶ್ಬಿ ಸರ್, ನಮ್ಮ ಕಂಪನಿಯ ಮ್ಯಾನೇಜರು. ವಾರಕ್ಕೈದು ದಿನ ಕಂಟೇನರು, ಕಸ್ಟಮ್ಸು. ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ಮಾತ್ರ ಅವರಿಗೆ ಸಾವಿರ ವರ್ಷ ಹಿಂದಿನ ಇಂಗ್ಲೆಂಡಿನ ಹುಚ್ಚು. ಆಫೀಸಿನ ಪ್ಯಾಂಟ್ರಿಯಲ್ಲಿ ಚೀಟಿ ಅಂಟಿಸಿದ್ದರು: ಆಂಗ್ಲೋ-ಸ್ಯಾಕ್ಸನ್ ಜನರ ಭಾಷೆ, ಇತಿಹಾಸ, ದಿನನಿತ್ಯದ ಬದುಕು, ಎಲ್ಲರಿಗೂ ಸ್ವಾಗತ, ಚಹಾ, ಬನ್ ಉಂಟು. ನಾನು ಓದಿದ್ದು ಕೊನೆಯ ಎರಡು ಶಬ್ದ. ಜೊತೆಗೆ, ಇಂಗ್ಲಿಷನ್ನು ಬೇರಿನಿಂದಲೇ ಕಲಿತರೆ ಗೆಲ್ಲುಗಳು ತಾನಾಗಿ ಬರುತ್ತವೆ, ಆಮೇಲೆ ಪ್ರಮೋಷನ್ನೂ ಬರುತ್ತದೆ ಎಂಬ ಲೆಕ್ಕಾಚಾರ. ಅಮ್ಮನಿಗೆ ಫೋನಿನಲ್ಲಿ "ಇಂಗ್ಲಿಷ್ ಕ್ಲಾಸಿಗೆ ಸೇರಿದ್ದೇನೆ" ಎಂದೆ. ಎರಡು ತಿಂಗಳ ನಂತರ ನಾನು ಹಳೆಯ ಇಂಗ್ಲಿಷಿನಲ್ಲಿ ರಾಜನಿಗೆ, ಹಂದಿಗೆ, ಬಾರ್ಲಿಗೆ ಏನೆನ್ನುತ್ತಾರೆ ಎಂದು ಹೇಳಬಲ್ಲವನಾಗಿದ್ದೆ. ಹೊಸ ಇಂಗ್ಲಿಷಿನಲ್ಲಿ ರಜೆ ಕೇಳಲು ಮಾತ್ರ ಮೊದಲಿನಂತೆಯೇ ತೊದಲುತ್ತಿದ್ದೆ.

ನಿಜ ಹೇಳಬೇಕೆಂದರೆ ನಾನು ಹೋಗುತ್ತಿದ್ದದ್ದು ಸ್ವರ ಸಂಗ್ರಹಕ್ಕೆ. ಕಾಪುವಿನಲ್ಲಿ ಶಾಲೆಗೆ ಹೋಗುವಾಗಿಂದ ನನಗೆ ಇದೊಂದೇ ವಿದ್ಯೆ. ಕಂಡಕ್ಟರನ "ರೈಟ್ ಪೋಯಿ", ಹೆಡ್ಮಾಸ್ಟರರ ಕೆಮ್ಮು, ಮೀನು ಮಾರುವ ಗುಲಾಬಕ್ಕನ ಬೈಗುಳ, ಎಲ್ಲ ಗಂಟಲಲ್ಲೇ ಇಟ್ಟುಕೊಂಡು ವಿಮಾನ ಹತ್ತಿದವ ನಾನು. ಇಲ್ಲಿ ಬಂದು ನೋಡಿದರೆ ಒಂದೇ ಮೆಟ್ರೋ ಬೋಗಿಯಲ್ಲಿ ಇಪ್ಪತ್ತು ಬಗೆಯ ಸ್ವರ! ಹಸಿವಾದವನನ್ನು ಮದುವೆ ಊಟದ ಪಂಕ್ತಿಯಲ್ಲಿ ಕೂರಿಸಿದ ಹಾಗಾಯಿತು. ತಿಂಗಳೊಳಗೆ ಸೆಕ್ಯುರಿಟಿಯವನ "ಯಲ್ಲಾ ಯಲ್ಲಾ" ಬಂತು. ಅಂದರೆ ನಡೆ ನಡೆ ಎಂದು. ವೀಸಾ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿನವನ "ಖಲಾಸ್" ಬಂತು. ಮುಗಿಯಿತು, ಇನ್ನು ಮಾತಿಲ್ಲ ಎಂದು. ಎಲ್ಲರ ಸ್ವರ ಬಂದ ಮೇಲೆ ಒಂದು ವಿಚಿತ್ರ ಚಡಪಡಿಕೆ ಸುರುವಾಯಿತು. ಸುಮ್ಮನೆ ಕೂತರೆ ಗಂಟಲು ತುರಿಸುತ್ತಿತ್ತು. ಯಾರದ್ದಾದರೂ ಸ್ವರ ತೆಗೆಯದಿದ್ದರೆ ನಾನು ಅಲ್ಲಿ ಇದ್ದೇನೋ ಇಲ್ಲವೋ ಎಂದೇ ಅನುಮಾನ.

ಇರುವುದಾದರೂ ಎಲ್ಲಿ? ಅಲ್ ಕುಸೈಸಿನಲ್ಲಿ ಎರಡು ಕೋಣೆಯ ಫ್ಲ್ಯಾಟು, ಆರು ಗಂಡಸರು. ಇಲ್ಲಿ ಮನೆ ಬಾಡಿಗೆಗೆ ಹಿಡಿಯುವುದು ಸಾಹುಕಾರರು. ನಮ್ಮಂಥವರು ಹಿಡಿಯುವುದು 'ಬೆಡ್‌ಸ್ಪೇಸ್', ಅಂದರೆ ಮಂಚ ಇಡುವಷ್ಟು ನೆಲ. ಊರಲ್ಲಿ ಜಗಲಿಗೆ ಬಂದವರಿಗೆ ಕೂರಲು ಚಾಪೆ ಹಾಸುತ್ತೇವೆ. ಇಲ್ಲಿ ಯಾರಾದರೂ ಬಂದರೆ ಮಂಚದ ಮೇಲೆ ನಾವು ಕಾಲು ಮಡಚಿಕೊಳ್ಳುತ್ತೇವೆ, ಅದೇ ಜಗಲಿ. ಫ್ಲ್ಯಾಟಿಗೆ ಯಜಮಾನ ಎಂದರೆ ವಸಂತಣ್ಣ. ನಮ್ಮ ಗೋದಾಮಿನ ಸೂಪರ್‌ವೈಸರು, ಊರಲ್ಲಿ ನಮ್ಮ ಮನೆಯಿಂದ ಎರಡು ಸ್ಟಾಪು ಆಚೆಯವರು. ನನಗೆ ಈ ಕೆಲಸ ಸಿಕ್ಕಿದ್ದೇ ಅವರಿಂದ. ಆಶ್ಬಿ ಸರ್ ಎದುರು ನಿಂತು "ನಮ್ಮ ಊರಿನ ಹುಡುಗ, ನಾನು ಗ್ಯಾರಂಟಿ" ಎಂದಿದ್ದರಂತೆ. ಇನ್ನೊಬ್ಬ ಲ್ಯಾನ್ಸಿ, ಕಿನ್ನಿಗೋಳಿ ಕಡೆಯ ಕೊಂಕಣಿಯವ, ಹೋಟೆಲಿನಲ್ಲಿ ಕುಕ್ಕು. ಹೋಟೆಲಿನಲ್ಲಿ ಹದಿನಾಲ್ಕು ದೇಶದ ಅಡುಗೆ ಮಾಡುವ ಆಸಾಮಿ ಫ್ಲ್ಯಾಟಿಗೆ ಬಂದರೆ ಒಲೆಯ ಹತ್ತಿರ ಸುಳಿಯುವುದಿಲ್ಲ. ಹಾಗಾಗಿ ಶುಕ್ರವಾರ ಕುಚ್ಚಲಕ್ಕಿ ಗಂಜಿ ಬೇಯಿಸಿ ಬಡಿಸುವುದು ವಸಂತಣ್ಣನ ಪಾಲಿಗೆ. (ನಾವು ಮೂವರೂ ತುಳುವಿನಲ್ಲಿ ಮಾತಾಡುವುದು. ಲ್ಯಾನ್ಸಿಯ ತುಳುವಿಗೆ ಕೊಂಕಣಿಯ ಒಗ್ಗರಣೆ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.)

ಕ್ಲಾಸಿನಲ್ಲಿ ಕೇಳಿದ್ದನ್ನು ನಾನು ಫ್ಲ್ಯಾಟಿನಲ್ಲಿ ಆಶ್ಬಿ ಸರ್ ಸ್ವರದಲ್ಲೇ ಒಪ್ಪಿಸುತ್ತಿದ್ದೆ. ಟವೆಲೇ ಕಂಬಳಿ. "ಮಹನೀಯರೇ, ನಮ್ಮ ಪೂರ್ವಜರಿಗೆ ಬಟಾಟೆ ಗೊತ್ತಿರಲಿಲ್ಲ, ಟೊಮೆಟೊ ಗೊತ್ತಿರಲಿಲ್ಲ, ಚಹಾ ಗೊತ್ತಿರಲಿಲ್ಲ."

"ಮತ್ತೆ ಎಂತ ತಿಂತಿದ್ರು, ಮಣ್ಣಾ?" ಎಂದು ಲ್ಯಾನ್ಸಿ.

"ಬಾರ್ಲಿ, ಅವರೆಯಂಥ ಕಾಳು, ಈರುಳ್ಳಿಯ ಜಾತಿಯ ಸೊಪ್ಪು, ಎಲ್ಲ ಒಂದೇ ಮಡಕೆಗೆ ಹಾಕಿ ಬೇಯಿಸುದು."

"ಗಂಜಿಯೇ ಅಲ್ವಾ ಅದು!" ವಸಂತಣ್ಣನಿಗೆ ಹುರುಪು ಬಂತು. "ಉಪ್ಪಿನಕಾಯಿ ಇತ್ತಾ ಕೇಳು ನಿನ್ನ ಸರ್ ಹತ್ರ."

ಕೇಳಿದೆ. ಇರಲಿಲ್ಲವಂತೆ. ವಸಂತಣ್ಣ ಮುಂದಿನ ಶುಕ್ರವಾರ ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಕೊಟ್ಟು ಕಳಿಸಿದರು. ಆಶ್ಬಿ ಸರ್ ಒಂದು ಮಿಡಿ ಬಾಯಿಗೆ ಹಾಕಿ, ಕಣ್ಣೀರು ಒರೆಸಿಕೊಂಡು, ಇದು ಇದ್ದಿದ್ದರೆ ನಾವು ಯಾವ ಯುದ್ಧವನ್ನೂ ಸೋಲುತ್ತಿರಲಿಲ್ಲ ಎಂದರು.

ತಮಾಷೆ ಮಾಡುತ್ತ ಮಾಡುತ್ತ ಆ ಹಳೆಯ ಜನ ನನಗೆ ಹತ್ತಿರದವರಾದರು. ಅವರ ಹಳೆ ಲಿಪಿಯಲ್ಲಿ ಎಲ್ಲ ನೇರ ಗೆರೆ, ಏಕೆಂದರೆ ಮರದ ಮೇಲೆ ಚಾಕುವಿನಿಂದ ಕೆತ್ತಬೇಕಿತ್ತು. ನಮ್ಮದೆಲ್ಲ ದುಂಡಗೆ, ಏಕೆಂದರೆ ನೇರ ಗೆರೆ ಎಳೆದರೆ ತಾಳೆಗರಿ ಸೀಳುತ್ತದೆ. ಬೋರ್ಡಿನ ಮೇಲೆ ನಾನು ಕನ್ನಡದಲ್ಲಿ ನನ್ನ ಹೆಸರು ಬರೆದಾಗ ಆಶ್ಬಿ ಸರ್ ಅದರ ಮುಂದೆ ಐದು ನಿಮಿಷ ನಿಂತರು. ಅವರ ನಮಸ್ಕಾರ 'ವೆಸ್ ಹಾಲ್', ಆರೋಗ್ಯವಾಗಿರು ಎಂದು. ದುಬೈಯ ಅರಬರು ಸಲಾಂ ಎಂದು ಶಾಂತಿ ಹಾರೈಸುತ್ತಾರೆ. ನಾವು ಉಡುಪಿ ಕಡೆಯವರು ಊಟ ಆಯಿತಾ ಎಂದು ಕೇಳುತ್ತೇವೆ. ಯಾರಿಗೆ ಯಾವುದರ ಹೆದರಿಕೆ ಇತ್ತೆಂದು ಇದರಲ್ಲೇ ಗೊತ್ತಾಗುತ್ತದೆ.

ಮತ್ತೊಂದು ದಿನ ಹೇಳಿದರು: ಈ ಆಂಗಲ್‌ಗಳು, ಸ್ಯಾಕ್ಸನ್ನರು ಇಂಗ್ಲೆಂಡಿನವರೇ ಅಲ್ಲ. ಸಮುದ್ರದ ಆಚೆಯಿಂದ ದೋಣಿಯಲ್ಲಿ ಬಂದವರು. ಇಂಗ್ಲೆಂಡಿನ ಕಡೆಯ ಆಗಿನ ದೊರೆಯೊಬ್ಬ ಕಾವಲಿನ ಕೆಲಸಕ್ಕೆಂದು ಕರೆಸಿಕೊಂಡನೆಂದು ಹಳೆಯ ಕತೆ. ನಾನು ಕೈ ಎತ್ತಿದೆ. "ಸರ್, ಕಾಂಟ್ರಾಕ್ಟ್ ಮುಗಿದ ಮೇಲೆ ವಾಪಸು ಹೋದರಾ?"

"ಇಲ್ಲ. ಅಲ್ಲೇ ಉಳಿದರು. ದೇಶಕ್ಕೇ ತಮ್ಮ ಹೆಸರಿಟ್ಟರು."

ಅಂದು ಮೆಟ್ರೋದಲ್ಲಿ ಬರುವಾಗ ಕಿಟಕಿಯಿಂದ ಕಟ್ಟಡಗಳನ್ನು ನೋಡಿದೆ. ಅವನ್ನು ಕಟ್ಟಲು ಬಂದವರೂ ಕರೆಸಿಕೊಂಡೇ ಬಂದವರು. ಆದರೆ ಇಲ್ಲಿ ಪ್ರತಿಯೊಬ್ಬನ ಪಾಸ್‌ಪೋರ್ಟಿನಲ್ಲೂ ಹೋಗುವ ತಾರೀಕು ಮೊದಲೇ ಅಚ್ಚಾಗಿರುತ್ತದೆ. ಸ್ಯಾಕ್ಸನ್ನರ ಕಾಲದಲ್ಲಿ ಒಡೆಯನಿಲ್ಲದವನನ್ನು ಯಾರೂ ನಂಬುತ್ತಿರಲಿಲ್ಲವಂತೆ. ಒಡೆಯ ಎನ್ನುವುದಕ್ಕೆ ಅವರ ಶಬ್ದದ ಅರ್ಥ ರೊಟ್ಟಿ ಕಾಯುವವ. ಆಳು ಎಂದರೆ ರೊಟ್ಟಿ ತಿನ್ನುವವ. ಇಲ್ಲಿ ವೀಸಾ ಕೊಟ್ಟವನಿಗೆ 'ಕಫೀಲ್' ಎನ್ನುತ್ತಾರೆ, ನಮಗೆ ಜವಾಬ್ದಾರನಾದವ. ಅವನು ಕೈಬಿಟ್ಟರೆ ಮೂವತ್ತು ದಿನದೊಳಗೆ ದೇಶ ಬಿಡಬೇಕು. ಅದಕ್ಕೆ 'ಕ್ಯಾನ್ಸಲ್' ಎಂದು ಹೆಸರು. ನಮ್ಮ ಫ್ಲ್ಯಾಟಿನಲ್ಲಿ ಆ ಶಬ್ದವನ್ನು ಸಿನಿಮಾ ಟಿಕೆಟಿಗೂ ಯಾರೂ ಬಳಸುತ್ತಿರಲಿಲ್ಲ.

ಈಗ ಆ ಫೋನು ಮಾಡಿದ ಗುರುವಾರಕ್ಕೆ ಬರುತ್ತೇನೆ. ಜೂನ್ ತಿಂಗಳು. ವಸಂತಣ್ಣನ ಹೆಂಡತಿ, ಮಗಳು ಆಗಸ್ಟಿನಲ್ಲಿ ಬರುವುದೆಂದು ತೀರ್ಮಾನವಾಗಿತ್ತು. ಹನ್ನೊಂದು ವರ್ಷದ ನಂತರ ಮೊದಲ ಬಾರಿಗೆ. ಅಲ್ ಕುಸೈಸಿನಲ್ಲೇ ಒಂದು ಕೋಣೆಯ ಮನೆ ನೋಡಿ, ಮಗಳಿಗೆ ಶಾಲೆಯಲ್ಲಿ ಸೀಟು ಮಾಡಿ, ಅವಳಿಗೆಂದು ನೀಲಿ ಚೀಲವನ್ನೂ ತಂದು ಮಂಚದ ತಲೆಯ ಹತ್ತಿರ ತೂಗುಹಾಕಿದ್ದರು.

ಆಶ್ಬಿ ಸರ್ ಮೀಟಿಂಗಿಗೆ ಅಬುಧಾಬಿಗೆ ಹೋಗಿದ್ದರು. ಮೇಲೆ ಆಫೀಸಿನಲ್ಲಿ ಕಾಗದಪತ್ರದ ಗುಮಾಸ್ತನಾದ ನಾನೊಬ್ಬನೇ. ಗಂಟಲು ತುರಿಸಿತು. ಕೆಳಗಿನ ಗೋದಾಮಿನ ಫೋನಿಗೆ ನಂಬರು ತೋರಿಸುವ ಪರದೆ ಇಲ್ಲ. ಹಿಂದೆಯೂ ಎರಡು ಸಲ ಹೀಗೆ ಮಾಡಿದ್ದೆ. ವಸಂತಣ್ಣ "ಯಸ್ ಸರ್" ಎಂದು ಅಟೆನ್ಷನ್ನಿನಲ್ಲಿ ನಿಂತು, ಆಮೇಲೆ ನನ್ನ ನಗು ಕೇಳಿ "ನಿನ್ನ ಬಾಯಿಗೆ ಬೆಂಕಿ ಹಾಕ" ಎಂದು ಅವರೂ ನಕ್ಕಿದ್ದರು.

"ವಸಂತ್," ಎಂದೆ ಆಶ್ಬಿ ಸರ್ ಸ್ವರದಲ್ಲಿ, "ಬಿಸಿಲು ವಿಪರೀತ. ಮೂರು ಗಂಟೆಗೆ ಲೋಡರುಗಳನ್ನೆಲ್ಲ ಬಸ್ಸಿನಲ್ಲಿ ಲೇಬರ್ ಕ್ಯಾಂಪಿಗೆ ಕಳಿಸು. ನೀನೂ ಹೋಗು. ಒಳ್ಳೆಯ ಮನುಷ್ಯ ನೀನು."

"ಥ್ಯಾಂಕ್ಯೂ ಸರ್," ಎಂದರು ವಸಂತಣ್ಣ. ಸ್ವರ ಸ್ವಲ್ಪ ನಡುಗಿದ ಹಾಗಿತ್ತು. ನಗಬೇಕು ಎನ್ನುವಷ್ಟರಲ್ಲಿ ನನ್ನ ಮೊಬೈಲು ರಿಂಗಾಯಿತು: ಕಸ್ಟಮ್ಸ್ ಕೌಂಟರಿನಲ್ಲಿ ಒಂದು ಕಾಗದ ಕಡಿಮೆ ಇದೆ, ಈಗಲೇ ಬಾ. ಓಡಿದೆ. ಅಲ್ಲಿ ಸಾಲು. ಸಾಲಿನಲ್ಲಿ ಒಬ್ಬ ಈಜಿಪ್ಟಿನವನ ಸ್ವರ ಕಲಿಯುತ್ತ ಎಲ್ಲ ಮರೆತೆ.

ಐದು ಗಂಟೆಗೆ ವಾಪಸಾದಾಗ ಗೋದಾಮಿನ ಶಟರು ಇಳಿದಿತ್ತು. ಅಂಗಳದಲ್ಲಿ ತಂಪು ಪೆಟ್ಟಿಗೆಯ ಲಾರಿ. ನಾಲ್ಕಕ್ಕೆ ಬಂದು, ಸರಕು ಇಳಿಸಲು ಯಾರೂ ಇಲ್ಲದೆ, ತಂಪು ಯಂತ್ರವೂ ನಿಂತು, ಬಾಗಿಲ ಕೆಳಗಿನಿಂದ ಕಂದು ಬಣ್ಣದ ಸಣ್ಣ ತೊರೆ ಹರಿಯುತ್ತಿತ್ತು. ಡ್ರೈವರು ಅದನ್ನು ನೋಡುತ್ತ ಕೂತಿದ್ದ. ಘಮ ಮಾತ್ರ ಬಹಳ ಚೆನ್ನಾಗಿತ್ತು.

ಸಂಜೆ ನಾವೆಲ್ಲ ಫ್ಲ್ಯಾಟಿನಲ್ಲಿದ್ದಾಗ ಆಶ್ಬಿ ಸರ್ ಫೋನು ಮಾಡಿ, ಗೋದಾಮು ಯಾಕೆ ಮುಚ್ಚಿತ್ತು ಎಂದು ವಸಂತಣ್ಣನನ್ನು ಕೇಳಿದರು. ನೀವೇ ಹೇಳಿದಿರಲ್ಲ ಸರ್ ಎಂದರು ಇವರು. ನಾನು ಅಬುಧಾಬಿಯಲ್ಲಿದ್ದೆ, ಫೋನೇ ಮಾಡಿಲ್ಲ ಎಂದರು ಅವರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ. ಫೋನು ಇಟ್ಟ ಮೇಲೆ ವಸಂತಣ್ಣ ತಿರುಗಿ ನನ್ನ ಮುಖ ನೋಡಿದರು. ಒಂದೇ ಸಲ. ಆಮೇಲೆ ಹೋಗಿ ಅಕ್ಕಿ ತೊಳೆದರು.

ಶುಕ್ರವಾರ ಗಂಜಿ ಬಡಿಸಿದರು. ನನ್ನ ತಟ್ಟೆಗೂ, ಎಂದಿನಷ್ಟೇ. ನಾನು ಲ್ಯಾನ್ಸಿಯನ್ನು ಬಾಲ್ಕನಿಗೆ ಕರೆದು "ವಸಂತಣ್ಣನಿಗೆ ಗೊತ್ತಾಗಿದೆಯಾ?" ಎಂದೆ.

"ಸಾಯ್ಬಾ! ಈ ಬಿಲ್ಡಿಂಗಿನ ವಾಚ್‌ಮನ್ನಿಗೂ ಗೊತ್ತುಂಟು. ದುಬೈಯಲ್ಲಿ ಆಶ್ಬಿಯ ಹಾಗೆ ಮಾತಾಡುವವರು ಇಬ್ಬರೇ. ಒಬ್ಬ ಆಶ್ಬಿ."

"ಮತ್ತೆ ಯಾಕೆ ಹೇಳ್ಲಿಲ್ಲ ಅವರು?"

"ಹೇಳಿದ್ರೆ ನೀನು ಕ್ಯಾನ್ಸಲ್. ನಿನ್ನ ಅಮ್ಮನಿಗೆ ಮಾತು ಕೊಟ್ಟು ಕರ್ಕೊಂಡು ಬಂದದ್ದು ಅವ. ನೀನು ಹೇಳ್ತೀಯಾ ಅಂತ ಕಾಯ್ತಾ ಇದ್ದಾನೆ. ನಾನಾದ್ರೆ ನಿನ್ನೆಯೇ ನಿನ್ನನ್ನು ಫ್ರೈ ಮಾಡ್ತಿದ್ದೆ."

ನಾನು ಏನು ಮಾಡಿದೆ? ಕ್ಲಾಸಿಗೆ ಓಡಿಹೋದೆ. ಫ್ಲ್ಯಾಟಿನಲ್ಲಿ ಕೂರಲಾಗಲಿಲ್ಲ, ಅಷ್ಟೆ. ಅಲ್ಲಿ ಆಶ್ಬಿ ಸರ್ ಕಂಬಳಿ ಹೊದ್ದಿರಲಿಲ್ಲ. ಅವತ್ತಿನ ಪಾಠ ಆ ಕಾಲದ ನ್ಯಾಯದ್ದು. ಒಬ್ಬನ ಮೇಲೆ ಆರೋಪ ಬಂದರೆ ಅವನು ಆಣೆ ಹಾಕಬೇಕು. ಅದು ಸಾಲದು, ಜೊತೆಗೆ ಆರೋ ಹನ್ನೆರಡೋ ಜನ ಬಂದು ನಿಲ್ಲಬೇಕು. ಅವರು ಕಣ್ಣಾರೆ ಕಂಡವರಾಗಬೇಕೆಂದಿಲ್ಲ. ಏನಾಯಿತೆಂದು ಅವರು ಹೇಳುವುದೂ ಇಲ್ಲ. 'ಇವನ ಆಣೆ ಶುದ್ಧ' ಎಂದಷ್ಟೇ ಹೇಳುವುದು. ನಿಲ್ಲಲು ಯಾರೂ ಸಿಗದ, ಹೆಸರು ಕೆಟ್ಟವನು ಕಾದ ಕಬ್ಬಿಣವನ್ನು ಕೈಯಲ್ಲಿ ಹಿಡಿದು ನಡೆಯಬೇಕು.

ನಮ್ಮ ಕಡೆ ದೈವದ ಎದುರು ಪ್ರಮಾಣಕ್ಕೆ ನಿಲ್ಲುವವರನ್ನು ಸಣ್ಣಂದಿನಲ್ಲಿ ನೋಡಿದ್ದೇನೆ. ಅಲ್ಲಿ ಮನುಷ್ಯ ಮತ್ತು ದೈವ, ನಡುವೆ ಯಾರೂ ಇಲ್ಲ. ಇಲ್ಲಿ ದೈವದ ಮುಂದೆ ನೆರೆಕರೆಯೂ ನಿಲ್ಲಬೇಕು. ಪಾಠ ಮುಗಿಸಿ ಆಶ್ಬಿ ಸರ್ ಕನ್ನಡಕ ತೆಗೆದು ಹೇಳಿದರು: "ನನ್ನ ಬಳಿ ಹನ್ನೊಂದು ವರ್ಷದಿಂದ ಒಬ್ಬನಿದ್ದಾನೆ. ಅವನು ಸುಳ್ಳು ಹೇಳುವವನಲ್ಲ. ಆದರೆ ಅವನು ಹೇಳುವುದು ನಡೆದೂ ಇಲ್ಲ. ನಾನೇನು ಮಾಡಲಿ?" ಎಲ್ಲರೂ ಏನೇನೋ ಸಲಹೆ ಕೊಟ್ಟರು. ಯಾವ ಪಾಠದಲ್ಲೂ ಕೈ ಎತ್ತದೆ ಇರದಿದ್ದ ನಾನು ಬನ್ ತಿನ್ನುತ್ತ ಕೂತೆ.

ಮೆಟ್ರೋದಲ್ಲಿ ಕುಸೈಸ್ ಬಂತು, ಇಳಿಯಲಿಲ್ಲ. ಲೈನಿನ ತುದಿಗೆ ಹೋದೆ. ವಾಪಸು ಇನ್ನೊಂದು ತುದಿಗೆ ಬಂದೆ. ನನ್ನ ಮೇಲೆ ಆರೋಪ ಬಂದರೆ ಯಾರು ನಿಲ್ಲುತ್ತಾರೆ ಎಂದು ಎಣಿಸಿದೆ. ಲ್ಯಾನ್ಸಿ? ಅವನ ನಡಿಗೆಯನ್ನು ಪಾರ್ಟಿಯಲ್ಲಿ ಮಾಡಿ ತೋರಿಸಿದ್ದೆ. ಲೋಡರುಗಳು? ಒಬ್ಬೊಬ್ಬರ ಹಿಂದಿಯನ್ನೂ ಮಾಡಿದ್ದೆ. ಹೀಗೆ ಬೆರಳು ಮಡಚುತ್ತ ಹೋದರೆ ಕೊನೆಗೆ ಉಳಿದವರು ಒಬ್ಬರೇ, ವಸಂತಣ್ಣ. ಅವರು ಆಗಲೇ ನಿಂತಾಗಿತ್ತು.

ಭಾನುವಾರ ಹತ್ತು ಗಂಟೆಗೆ ಆಶ್ಬಿ ಸರ್ ಕೋಣೆಯ ಹೊರಗೆ ಗಲಾಟೆ. ನೋಡಿದರೆ ಒಂಬತ್ತು ಜನ ಲೋಡರುಗಳು, ನೇಪಾಳದವರು, ಪೇಶಾವರದವರು, ಒಬ್ಬ ಮಲಯಾಳಿ, ಹೆಲ್ಮೆಟು ಕಂಕುಳಲ್ಲಿ ಇಟ್ಟುಕೊಂಡು ಸಾಲಾಗಿ ನಿಂತಿದ್ದಾರೆ. ಯಾರೂ ಕರೆದಿರಲಿಲ್ಲ. ಅವರಲ್ಲಿ ಯಾರೂ ಆಶ್ಬಿ ಸರ್ ಕ್ಲಾಸಿಗೆ ಬಂದವರೂ ಅಲ್ಲ. ಮುಂದಿದ್ದ ಪೇಶಾವರದ ಮುದುಕ ಒಂದೇ ಮಾತು ಹೇಳಿದ: "ಸಾಬ್, ವಸಂತ್ ಭಾಯ್ ಝೂಟ್ ನಹೀ ಬೋಲ್ತಾ." ಸುಳ್ಳು ಹೇಳುವವನಲ್ಲ ಎಂದು.

ಆಶ್ಬಿ ಸರ್ ಕುರ್ಚಿಯಿಂದ ಎದ್ದು ನಿಂತರು. ಒಬ್ಬೊಬ್ಬರ ಮುಖವನ್ನೂ ನೋಡಿದರು. ಅವರ ಕಣ್ಣು ಮಿಡಿ ಉಪ್ಪಿನಕಾಯಿ ತಿಂದ ದಿನದ ಹಾಗೆ ಕೆಂಪಾಗಿತ್ತು. ಆಮೇಲೆ ಕೇಳಿದರು, "ವಸಂತ್, ಆ ಸ್ವರ ಯಾರದ್ದು?"

"ನಿಮ್ಮದೇ ಇತ್ತು ಸರ್. ಹೆಚ್ಚು ನನಗೆ ಗೊತ್ತಿಲ್ಲ."

ಜೀವಮಾನದಲ್ಲಿ ಅವರು ಹೇಳಿದ ಒಂದೇ ಸುಳ್ಳು ಬಹುಶಃ ಅದು. ಆ ಒಂಬತ್ತು ಜನ ಅದಕ್ಕೂ ಆಣೆಗೆ ನಿಂತಿದ್ದರು. ಫೈಲು ಹಿಡಿದು ಬಾಗಿಲಲ್ಲಿದ್ದ ನಾನು ಒಳಗೆ ಕಾಲಿಟ್ಟೆ. "ಸರ್, ಅದು ನಾನು" ಎನ್ನಬೇಕು. ಹೆದರಿಕೆಯಲ್ಲಿ ಬಾಯಿ ತೆಗೆದರೆ ಬಂದದ್ದು ಆಶ್ಬಿ ಸರ್ ಸ್ವರ! ಅದೇ ಎಳೆತ, ಅದೇ ಗತ್ತು. ತಿದ್ದಿಕೊಳ್ಳಲು ಇನ್ನೊಮ್ಮೆ ಹೇಳಿದೆ. ಇನ್ನೂ ಚೆನ್ನಾಗಿ ಬಂತು. ಒಬ್ಬ ನೇಪಾಳಿ ಮೆಲ್ಲಗೆ "ಅರೇ ಬಾಪ್ ರೇ" ಎಂದ.

ಆಶ್ಬಿ ಸರ್ ನನ್ನನ್ನು ನೋಡಿ, "ನಾನು ಅಷ್ಟು ಎಳೆಯುವುದಿಲ್ಲ" ಎಂದರು.

ನನಗೆ ಕೊನೆಯ ಎಚ್ಚರಿಕೆಯ ಪತ್ರ ಸಿಕ್ಕಿತು. ಆಫೀಸಿನ ಏಸಿಯಿಂದ ಇಳಿಸಿ ಗೋದಾಮಿಗೆ ಹಾಕಿದರು, ವಸಂತಣ್ಣನ ಕೈಕೆಳಗೆ. ಕ್ಯಾನ್ಸಲ್ ಆಗಲಿಲ್ಲ. ಆಗದ ಹಾಗೆ ಮಾತಾಡಿದವರು ಯಾರು ಎಂದು ನಾನು ಕೇಳಲಿಲ್ಲ, ಗೊತ್ತಿತ್ತು. ಆಗಸ್ಟಿನಲ್ಲಿ ಅವರ ಹೆಂಡತಿ, ಮಗಳು ಬಂದರು. ವಸಂತಣ್ಣ ಫ್ಲ್ಯಾಟು ಬಿಟ್ಟ ದಿನ ನಾನೂ ಲ್ಯಾನ್ಸಿಯೂ ಫ್ರಿಜ್ಜು ಹೊತ್ತೆವು. ನೀಲಿ ಚೀಲ ಅವರೇ ಹಿಡಿದುಕೊಂಡರು. ನನ್ನೊಂದಿಗೆ ಕೆಲಸದ ಮಾತು ಮಾತ್ರ: ಎತ್ತು, ಇಳಿಸು, ಎಣಿಸು. ಕ್ಷಮೆ ಕೇಳಬೇಕೆಂದು ಹತ್ತು ಸಲ ಹತ್ತಿರ ಹೋದೆ. ಹತ್ತು ಸಲವೂ ಬಾಯಿ ತೆಗೆದರೆ ಗುಲಾಬಕ್ಕನೋ ಹೆಡ್ಮಾಸ್ಟರರೋ ಬಂದು ಕೂರುತ್ತಿದ್ದರು. ಎಲ್ಲರೂ ನಗುತ್ತಿದ್ದರು, ವಸಂತಣ್ಣ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು.

ಎರಡು ವರ್ಷ ತುಂಬಿದ ಮೇಲೆ ಮೊದಲ ರಜೆಗೆ ಊರಿಗೆ ಬಂದೆ. ಬಂದ ಮೊದಲ ದಿನ ಬಸ್ಸಿನವನಿಗೆ "ಯಲ್ಲಾ" ಎಂದೆ. ಅವನು ಯಾವ ಊರು ಎಂದು ಕೇಳಿದ. ಅಲ್ಲಿ ಇಡೀ ದಿನ ಊರಿನವನಾಗಿರುತ್ತೇನೆ, ಇಲ್ಲಿ ಬಂದರೆ ದುಬೈಯವನು. ಮನೆಯಲ್ಲಿ ನಿದ್ದೆ ಬರಲಿಲ್ಲ, ಏಕೆಂದರೆ ಸುತ್ತ ಐದು ಗೊರಕೆ ಇಲ್ಲ. ಮಂಚದಿಂದ ಕೈ ಚಾಚಿದರೆ ಯಾರ ಮಂಚವೂ ತಾಗುವುದಿಲ್ಲ. ಮೂರನೇ ದಿನಕ್ಕೆ ಹೋಗುವ ತಾರೀಕು ಎಣಿಸತೊಡಗಿದೆ. ಅಲ್ಲಿ ಇದ್ದಾಗ ಬರುವ ತಾರೀಕು ಎಣಿಸುತ್ತಿದ್ದೆನಲ್ಲ, ಅದೇ ಬೆರಳುಗಳಲ್ಲಿ.

ಅಮ್ಮ ಮೀನು ಸಾರು ಬಡಿಸುತ್ತ ಕೇಳಿದಳು, "ವಸಂತ ಹೇಗಿದ್ದಾನೆ? ಅವನಿಂದ ಅಲ್ವಾ ನಿನಗೆ ಈ ಅನ್ನ?"

ರೊಟ್ಟಿ ಕಾಯುವವ ಯಾರು ಎಂದು ಇಡೀ ವರ್ಷ ಕ್ಲಾಸಿನಲ್ಲಿ ಕೂತು ಕೇಳಿದವನಿಗೆ ಅಮ್ಮ ಒಂದು ಸೌಟಿನಲ್ಲಿ ಹೇಳಿದ್ದಳು. ಕೈ ತೊಳೆದು ಅಂಗಳಕ್ಕೆ ಬಂದೆ. ಅವತ್ತು ಶುಕ್ರವಾರ, ಅವರಿಗೂ ರಜೆ. ದುಬೈಗೆ ಫೋನು ಮಾಡಿದೆ.

"ಹಲೋ," ಎಂದರು ವಸಂತಣ್ಣ. ಹಿಂದೆ ಕುಕ್ಕರಿನ ಸೀಟಿ, ಮಗಳು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿರುವುದು ಕೇಳಿಸಿತು.

"ವಸಂತಣ್ಣ, ನನ್ನಿಂದ ತಪ್ಪಾಯ್ತು. ಆ ಗುರುವಾರದ್ದು. ನೀವು ಹೇಳ್ಲಿಲ್ಲ, ನಾನೂ ಮೂರು ದಿನ ಹೇಳ್ಲಿಲ್ಲ. ಕ್ಷಮಿಸಿ."

ಸ್ವರ ಸಣ್ಣದಾಗಿತ್ತು, ಸ್ವಲ್ಪ ಒಡಕಾಗಿತ್ತು. ಚೆನ್ನಾಗಿಯೂ ಇರಲಿಲ್ಲ.

ಆ ಕಡೆ ಒಲೆ ಆರಿಸಿದ ಸದ್ದು ಕೇಳಿಸಿತು. "ಇದು ಯಾರ ಸ್ವರ ಮಾರಾಯ?"

"ನಂದೇ ಅಣ್ಣ."

"ಹೌದಾ? ಎರಡು ವರ್ಷದಲ್ಲಿ ಇದೇ ಮೊದಲು ಕೇಳುದು. ಸರಿ, ಇನ್ನು ನನಗೆ ಇವನ ಹತ್ರವೇ ಫೋನ್ ಮಾಡಿಸು. ಬೇರೆ ಯಾರು ಮಾಡಿದ್ರೂ ನಾನು ಎತ್ತುದಿಲ್ಲ."